ಹತ್ತಿಯ ಎಳೆ

ಡಾಕ್ಟರ ಕೊರಳಪಟ್ಟಿ ಹಿಡಿದು ಸಂತೋಷ ಅವರನ್ನು ಗೋಡೆಗೆ ಅಪ್ಪಳಿಸಿದಾಗ ಬೆಳಗಿನ ಹನ್ನೊಂದೂ ಆಗಿರಲಿಲ್ಲ. ಕನ್ನಡಕ ಹಾರಿ ಕುರ್ಚಿಗಳ ಕೆಳಗೆಲ್ಲೋ ಬಿತ್ತು. ಮದ್ದೂರಿನ ಆ ನರ್ಸಿಂಗ್ ಹೋಮಿನಲ್ಲಿ ಮಕ್ಕಳ ಡಾಕ್ಟರು ಅಂತ ಇದ್ದವರು ಇವರೊಬ್ಬರೇ, ಹರ್ಷವರ್ಧನ. ಇನ್ನೂ ಮೂವತ್ತೆರಡರ ವಯಸ್ಸು, ಗಟ್ಟಿಯಾಗಿ ಮಾತಾಡಿಯೂ ಗೊತ್ತಿಲ್ಲದ ಪ್ರಾಣಿ.

"ಸತ್ತೋಗಿರೋ ಮಗೀಗೆ ಮಿಸನ್ ಆಕಿ ಆಟ ಆಡುಸ್ತೀಯೇನ್ಲಾ? ನಾವೇನ್ ಇಂಥ ವಿಡಿಯೋ ನೋಡಿಲ್ವಾ?"

"ಸತ್ತಿಲ್ಲ ಕಣ್ರೀ, ಬದುಕಿದೆ, ಒಂದ್ನಿಮಿಷ ನನ್ನ ಮಾತು..."

ಮಾತು ಮುಗಿಯುವ ಮೊದಲೇ ಬಾಯಿಗೆ ಗುದ್ದು ಬಿತ್ತು. ಅಣ್ಣನ ಮಗುವಿಗಾಗಿ ಹೊಡೆಯುತ್ತಿದ್ದೇನೆ ಎಂಬ ಧೈರ್ಯ ಸಂತೋಷನಿಗೆ. ಅಣ್ಣ ಚಲುವರಾಜು ಆ ಕಡೆ ತಿರುಗಿಯೂ ನೋಡಲಿಲ್ಲ. ಅವನು ಕಬ್ಬಿಣದ ಕುರ್ಚಿಯನ್ನು ಎತ್ತಿ ಮಗುವಿದ್ದ ಕೋಣೆಯ ಗಾಜಿನ ಬಾಗಿಲಿಗೆ ಬೀಸುತ್ತಿದ್ದ. ಮೊದಲ ಏಟಿಗೆ ಗಾಜು ಬಿರಿಯಿತು, ಎರಡನೆಯದಕ್ಕೆ ಇಡೀ ಬಾಗಿಲು ಪುಡಿಪುಡಿಯಾಗಿ ಸುರಿಯಿತು. ಬಾಗಿಲು ಕಾಯುವವನು ಟೀ ಕುಡಿಯಲು ಹೋಗಿದ್ದ. ಗಲಾಟೆ ಕೇಳಿ ಇನ್ನೊಂದು ಟೀ ಹೇಳಿದನಂತೆ, ಪುಣ್ಯಾತ್ಮ.

ಇಷ್ಟಕ್ಕೆಲ್ಲ ಕಾರಣ ದೇವಿರಮ್ಮ ಆಡಿದ ಒಂದು ಮಾತು. ಚಲುವರಾಜುವಿನ ಅತ್ತೆ, ಮಗುವಿನ ಅಜ್ಜಿ. ಈಗ ಊಟದ ಕ್ಯಾರಿಯರನ್ನು ಎದೆಗೆ ಅವುಚಿಕೊಂಡು, ಗಾಜಿನ ಚೂರುಗಳ ನಡುವೆ ಬರಿಗಾಲಿನಲ್ಲಿ ನಿಂತಿದ್ದಳು.

ಅವಳ ಮಾತೆಂದರೆ ಅವಳ ಊರು ಹೊಳಲಿನಲ್ಲಿ ಸುಮ್ಮನೆ ಅಲ್ಲ. ನಲವತ್ತು ವರ್ಷ ಸೂಲಗಿತ್ತಿಯಾಗಿ ಹೆರಿಗೆ ಮಾಡಿಸಿದವಳು. ಹುಟ್ಟಿದ ಕೂಸು ಅಳದಿದ್ದರೆ ಸೊಂಟದ ಚೀಲದಿಂದ ಹತ್ತಿಯ ಒಂದು ಎಳೆ ತೆಗೆದು ಮೂಗಿನ ಹೊಳ್ಳೆಗೆ ಹಿಡಿಯುತ್ತಿದ್ದಳು. ಎಳೆ ಅಲುಗಿದರೆ ಜೀವ ಇದೆ, ಅಲುಗದಿದ್ದರೆ ಇಲ್ಲ. ಒಮ್ಮೆ ಮಾದಯ್ಯನ ಮಗ ಹುಟ್ಟಿದಾಗ ಎಲ್ಲರೂ ಕೈಬಿಟ್ಟು, ಹಿತ್ತಲಲ್ಲಿ ಗುಂಡಿಯನ್ನೂ ತೋಡಿಯಾಗಿತ್ತು. ಇವಳು ತಡವಾಗಿ ಬಂದಳು, ಎಳೆ ಹಿಡಿದಳು. "ಗುದ್ಲಿ ಬಿಸಾಕ್ರಲಾ, ಉಸ್ರದೆ" ಅಂದಳು. ಆ ಮಗ ಇವತ್ತು ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸುತ್ತಾನೆ. ಅಲ್ಲಿಂದೀಚೆಗೆ ಊರಲ್ಲಿ ಯಾರೂ ಅವಳ ಎಳೆಗೆ ಎದುರು ಮಾತಾಡಿದ್ದಿಲ್ಲ.

ಮಗಳು ದೀಪಿಕಳಿಗೆ ಏಳನೇ ತಿಂಗಳಿಗೇ ನೋವು ಬಂದು, ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಒಂದೂಕಾಲು ಕಿಲೋ ತೂಗುವ ಗಂಡುಕೂಸು. ಶ್ವಾಸಕೋಶ ಬಲಿತಿಲ್ಲ, ತಾನಾಗಿ ಸಾಕಷ್ಟು ಉಸಿರಾಡಲಾರದು ಎಂದು ಬಾಯೊಳಗಿಂದ ಗಂಟಲಿಗೆ ಕೊಳವೆ ಇಳಿಸಿ, ವೆಂಟಿಲೇಟರಿನಿಂದ ಗಾಳಿ ಕೊಡುತ್ತಿದ್ದರು. ಐದನೇ ದಿನ ಅದು. ದಿನಕ್ಕೊಮ್ಮೆ ಮನೆಯ ಒಬ್ಬ ಹೆಂಗಸನ್ನು ಐದು ನಿಮಿಷ ಒಳಗೆ ಬಿಡುತ್ತಿದ್ದರು. ಆವತ್ತು ದೇವಿರಮ್ಮನ ಸರದಿ. ನರ್ಸ್ ಬಿಂದುಶ್ರೀ ಆ ಕಡೆ ತಿರುಗಿ ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದಾಗ ಇವಳು ಚೀಲದಿಂದ ಎಳೆ ತೆಗೆದು ಮೊಮ್ಮಗನ ಮೂಗಿಗೆ ಹಿಡಿದಳು.

ಅಲುಗಲಿಲ್ಲ. ಈ ಹೊಳ್ಳೆಗೆ ಹಿಡಿದಳು, ಆ ಹೊಳ್ಳೆಗೆ ಹಿಡಿದಳು. ಇಲ್ಲ. ಎದೆ ಮಾತ್ರ ಮಿಷನ್ನಿನ ಸದ್ದಿಗೆ ಸರಿಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ಉಸಿರು ಮೂಗಿನಲ್ಲಲ್ಲ, ಬಾಯಿಯ ಕೊಳವೆಯಲ್ಲಿ ಓಡಾಡುತ್ತಿದೆ ಎಂದು ಅವಳಿಗೆ ಯಾರು ಹೇಳಿದ್ದರು? ಅವಳು ತಾನೇ ಯಾರನ್ನು ಕೇಳಿದಳು? ಕೇಳಿದ್ದರೆ ಬಿಂದುಶ್ರೀ ಹೇಳುತ್ತಿರಲಿಲ್ಲವೇ? ನಲವತ್ತು ವರ್ಷ ಯಾರನ್ನೂ ಕೇಳಿ ಅಭ್ಯಾಸವಿಲ್ಲದ ಹೆಂಗಸು ನೆಟ್ಟಗೆ ಹೊರಗೆ ಬಂದು ಅಳಿಯನ ಮುಂದೆ ನಿಂತಳು.

"ಉಸ್ರಿಲ್ಲ ಕಣಪ್ಪ. ಮಿಸನ್ನು ಎದೆ ಆಡುಸ್ತಾ ಅದೆ, ಅಷ್ಟೆ. ಮಗ ಓಗ್ಬುಟ್ಟದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಚಲುವರಾಜು ಒಡೆದ ಬಾಗಿಲಿನಿಂದ ಒಳಗೆ ನುಗ್ಗಿದ. ಬಿಂದುಶ್ರೀ ಮಗುವಿನ ಮಂಚಕ್ಕೆ ಅಡ್ಡ ನಿಂತು ಎರಡೂ ಕೈ ಚಾಚಿದಳು. "ಮುಟ್ಬೇಡಿ! ಮುಟ್ಟಿದ್ರೆ ಸಾಯುತ್ತೆ!" ಎಂದು ಕಿರುಚಿದಳು.

"ಸತ್ತಿರದು ಇನ್ನೇನಮ್ಮ ಸಾಯದು? ನನ್ ಮಗೀನ ನಂಗ್ ಕೊಡು, ಮಣ್ ಮಾಡ್ಕತೀನಿ!"

ಅವನು ಅವಳನ್ನು ತಳ್ಳಿದ ರಭಸಕ್ಕೆ ಹಣೆ ಟ್ರಾಲಿಯ ಅಂಚಿಗೆ ಬಡಿದು ಸೀಳಿತು. ವೆಂಟಿಲೇಟರಿಗೆ ಒದ್ದ. ಅದು ಉರುಳಿ ಬಿದ್ದು, ಗಾಜು ಒಡೆದು, ಕೂಗಿಕೊಳ್ಳತೊಡಗಿತು. ಅವನು ಎರಡೂ ಅಂಗೈ ಸೇರಿಸಿ ಮಗುವನ್ನು ಬಾಚಿಕೊಂಡ. ತುಟಿಗೆ ಅಂಟಿಸಿದ್ದ ಪಟ್ಟಿ ಚರ್ಮದ ಸಮೇತ ಕಿತ್ತುಬಂತು, ಅದರ ಹಿಂದೆಯೇ ಕೊಳವೆಯೂ ಬಂತು.

ಆಗ ಮಗು ಅತ್ತಿತು.

ಅಳು ಅನ್ನುವಷ್ಟಿರಲಿಲ್ಲ. ಕಣ್ಣು ಬಿಡದ ಬೆಕ್ಕಿನಮರಿಯ ಮಿಯಾಂವ್‌ನಂಥ ಒಂದು ಎಳೆದ ಸದ್ದು. ಐದು ದಿನದಿಂದ ಗಂಟಲಲ್ಲಿ ಕೊಳವೆ ಇದ್ದುದರಿಂದ ಯಾರೂ ಅದರ ದನಿ ಕೇಳಿರಲಿಲ್ಲ. ಬಾಗಿಲಲ್ಲಿದ್ದ ದೇವಿರಮ್ಮ ಕೇಳಿದಳು. ಎಷ್ಟೋ ಮನೆಗಳ ಒಳಕೋಣೆಗಳಲ್ಲಿ ಅವಳು ಕಾದು ಕೂತದ್ದು ಆ ಸದ್ದಿಗೇ. ಅಯ್ಯೋ ಶಿವನೇ, ನಾನೇ ಕೊಂದೆನಲ್ಲ ಅನಿಸಿತು.

ಎರಡನೆಯ ಸದ್ದು ಬರಲಿಲ್ಲ. ಅಂಗೈಯಲ್ಲಿದ್ದ ಮಗುವಿನ ತುಟಿ ನೇರಳೆಯಾಯಿತು, ಆಮೇಲೆ ಮುಖ, ಆಮೇಲೆ ಎದೆ. ಚಲುವರಾಜು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತ ಕಂಬದಂತೆ ನಿಂತುಬಿಟ್ಟ.

"ಮಲಗ್ಸಿ ಕೆಳಗೆ! ಅಜ್ಜೀ, ಈಸ್ಕೊಳಿ!" ನೆಲದಿಂದ ಏಳುತ್ತ ಬಿಂದುಶ್ರೀ ಅರಚಿದಳು. ದೇವಿರಮ್ಮ ಕ್ಯಾರಿಯರನ್ನು ಬಾಗಿಲಲ್ಲೇ ಇಟ್ಟು, ಅಳಿಯನ ಕೈಯಿಂದ ಮಗುವನ್ನು ಕಿತ್ತು ಮಂಚದ ಮೇಲಿಟ್ಟಳು. ಬಿಂದುಶ್ರೀ ಪುಟ್ಟ ಮುಖವಾಡವನ್ನು ಮೂಗು ಬಾಯಿಗೆ ಒತ್ತಿಹಿಡಿದು, ಅದಕ್ಕೆ ಸೇರಿದ ರಬ್ಬರಿನ ಚೀಲವನ್ನು ಒತ್ತತೊಡಗಿದಳು. "ಡಾಕ್ಟ್ರನ್ನ ಕರೀರಿ! ಕೊಳವೆ ಹಾಕೋದು ಅವರೊಬ್ಬರಿಗೇ ಗೊತ್ತಿರೋದು!"

ಹೊರಗೆ ಡಾಕ್ಟರು ನೆಲದ ಮೇಲಿದ್ದರು. ಸಂತೋಷ ಒದೆಯುತ್ತಿದ್ದ. ದೇವಿರಮ್ಮ ಅವನನ್ನು ಕರೆಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಬಾಣಂತಿಗೆಂದು ಸಾರು ತುಂಬಿ ತಂದಿದ್ದ ಸ್ಟೀಲ್ ಕ್ಯಾರಿಯರನ್ನು ತಲೆಯ ಮೇಲೆತ್ತಿ, ಸೌದೆ ಸೀಳುವವಳಂತೆ ಅವನ ಹೆಗಲಿಗೆ ಇಳಿಸಿದಳು. ಮೆಣಸಿನ ಸಾರು ಅವನ ಮೈಮೇಲೆಲ್ಲ ಚೆಲ್ಲಿತು.

"ಬುಡ್ಲಾ ಅವನ್ನ, ಬಡ್ಡೀಮಗನೆ! ಮಗೀಗೆ ಜೀವ ಅದೆ!"

"ಅತ್ತೆ, ನೀನೇ ಅಲ್ವಾ ಸತ್ತದೆ ಅಂದಿದ್ದು!"

"ಊಂ ಕಣ್ಲಾ, ನಾನೇ ಅಂದಿದ್ದು! ನನ್ ಬಾಯಿಗ್ ಮಣ್ಣಾಕ! ಬುಡು!"

ಡಾಕ್ಟರು ತೆವಳಿಕೊಂಡೇ ಒಳಗೆ ಬಂದರು. ಮಂಚ ಹಿಡಿದು ಎದ್ದು, ಬಲಗೈಯನ್ನು ಬೆಳಕಿಗೆ ಚಾಚಿದರು. ಸಂತೋಷನ ಬೂಟುಗಾಲಿನ ಕೆಳಗೆ ಸಿಕ್ಕಿದ ಎರಡು ಬೆರಳು ಬೇರೆ ದಿಕ್ಕಿಗೆ ತಿರುಗಿದ್ದವು. ಕೊಳವೆಯನ್ನು ಹಿಡಿಯಲು ನೋಡಿದರು. ಅದು ಜಾರಿತು. ಇನ್ನೊಮ್ಮೆ ನೋಡಿದರು. ಮತ್ತೆ ಜಾರಿತು.

"ನನ್ನ ಕೈಲಿ ಆಗಲ್ಲ ಬಿಂದು," ಅಂದರು. ತುಟಿ ಒಡೆದಿದ್ದರಿಂದ ಮಾತು ತೊದಲುತ್ತಿತ್ತು. "ಮಂಡ್ಯದಿಂದ ಆಂಬ್ಯುಲೆನ್ಸ್ ಜೊತೆಗೆ ಡಾಕ್ಟರನ್ನ ಕರೆಸ್ತೀನಿ. ಅಲ್ಲೀತನಕ ನಿಲ್ಲಿಸ್ಬೇಡಿ." ಎಡಗೈಯಲ್ಲಿ ಫೋನು ಒತ್ತಿದರು.

ಬಿಂದುಶ್ರೀಯ ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಮುಖವಾಡ ಒಂದು ಕೂದಲಷ್ಟು ಸರಿದರೂ ಗಾಳಿ ಸೋರುತ್ತದೆ. ಅದನ್ನು ಹಿಡಿಯಲು ಅವಳಿಗೆ ಎರಡೂ ಕೈ ಬೇಕಾದವು. "ಅಜ್ಜೀ, ಈ ಚೀಲ ನೀವು ಒತ್ತಿ. ಎರಡು ಬೆರಳು, ಹೆಬ್ಬೆರಳು, ಅಷ್ಟೇ. ಜೋರಾಗಿ ಒತ್ತಿದ್ರೆ ಎದೆ ಒಡೆದುಹೋಗುತ್ತೆ. ಒತ್ತು, ಬಿಡು, ಬಿಡು. ಹಾಗೇ ಹೇಳ್ಕೊಂಡು ಒತ್ತಿ."

"ನಾನ್ ಮುಟ್ಟಕಿಲ್ಲ ಕಣವ್ವ. ನನ್ ಕೈ ಒಳ್ಳೇದಲ್ಲ."

"ಒತ್ರೀ!"

ದೇವಿರಮ್ಮ ಒತ್ತಿದಳು. ಒತ್ತು, ಬುಡು, ಬುಡು. ಎದೆ ಏಳಲಿಲ್ಲ. ಬಿಂದುಶ್ರೀ ಮಗುವಿನ ಗದ್ದವನ್ನು ನವಿರಾಗಿ ಮೇಲೆತ್ತಿದಳು. ಒತ್ತು. ಈ ಸಲ ಎದೆ ಎದ್ದಿತು. ಕಡಲೆಕಾಯಿಯಷ್ಟು ಎದ್ದು ಇಳಿಯಿತು. ಬುಡು, ಬುಡು.

ಚೀಲಕ್ಕೆ ಆಕ್ಸಿಜನ್ ತರುವ ಪೈಪು ಗಲಾಟೆಯಲ್ಲಿ ಸಡಿಲಾಗಿ ಪದೇಪದೇ ಕಳಚುತ್ತಿತ್ತು. ಡಾಕ್ಟರು ಚಲುವರಾಜುವನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತು, ಇಲ್ಲ ಅನ್ನುವುದೇಕೆ? "ಏಯ್, ಬಾರಯ್ಯ ಇಲ್ಲಿ. ಇದನ್ನ ಹಿಡ್ಕೊ. ಕಳಚಿದ್ರೆ ನಿನ್ನ ಮಗ ಹೋದ." ಚಲುವರಾಜು ಗಾಜಿನ ಚೂರುಗಳ ಮೇಲೇ ಮಂಡಿಯೂರಿ ಕೂತು ಪೈಪನ್ನು ಹಿಡಿದುಕೊಂಡ. ಅವನ ಪಂಚೆ ಮಂಡಿಯ ಹತ್ತಿರ ಕೆಂಪಾಗುತ್ತ ಬಂತು. ಅವನು ಅಲುಗಲಿಲ್ಲ.

ನಲವತ್ತು ನಿಮಿಷ. ಪೊಲೀಸರು ಬಂದು ಸಂತೋಷನನ್ನು ಎಳೆದುಕೊಂಡು ಹೋದರು. ಒಳಗೆ ಬಂದ ಪೇದೆ ಚಲುವರಾಜುವಿನ ರಟ್ಟೆಗೆ ಕೈ ಹಾಕಿದಾಗ "ಅವನು ಈಗ ಬೇಕು, ಆಮೇಲೆ" ಅಂದವರು ಡಾಕ್ಟರೇ. ದೇವಿರಮ್ಮನ ತೋಳು ಮರಗಟ್ಟಿತು. ಬೆರಳ ಸಂದುಗಳು ಉರಿದವು. ನೇರಳೆಯಾಗಿದ್ದ ತುಟಿ ಒಮ್ಮೆ ಕೆಂಪಾಯಿತು, ಮತ್ತೆ ಕಪ್ಪಾಯಿತು, ಮತ್ತೆ ಕೆಂಪಾಯಿತು. ಮಂಡ್ಯದ ಡಾಕ್ಟರು ಬಂದು, ಮಗುವಿನ ಗಂಟಲಿಗೆ ಹೊಸ ಕೊಳವೆ ಇಳಿಸಿ, "ಸಾಕು, ಬಿಡಮ್ಮ" ಅಂದಾಗಲೂ ಅವಳು ಬಿಡಲಿಲ್ಲ. ಬಿಂದುಶ್ರೀ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು.

ಆಂಬ್ಯುಲೆನ್ಸ್ ಹೋದಮೇಲೆ, ಚಲುವರಾಜುವನ್ನು ಜೀಪಿಗೆ ಹತ್ತಿಸಿದಮೇಲೆ, ದೇವಿರಮ್ಮ ಮೇಲಿನ ಮಹಡಿಗೆ ಹೋದಳು. ದೀಪಿಕ ಹೊಲಿಗೆಯ ಹೊಟ್ಟೆಯನ್ನು ಹಿಡಿದು ಮಂಚದ ತುದಿಯಲ್ಲಿ ಕೂತಿದ್ದಳು. ಅಷ್ಟು ಹೊತ್ತಿಗೆ ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ಅವ್ವ. ಸತ್ತದೆ ಅಂದ್ಯಂತೆ."

"ಅಂದೆ ಕಣವ್ವ."

ದೀಪಿಕ ಎದ್ದು ಅವ್ವನ ಕೆನ್ನೆಗೆ ಹೊಡೆದಳು. ಹೊಲಿಗೆ ಎಳೆದು ತಾನೇ ನರಳಿದಳು, ಆದರೂ ಇನ್ನೊಂದು ಹೊಡೆದಳು. ದೇವಿರಮ್ಮ ಮುಖ ಸರಿಸಲಿಲ್ಲ.

"ಬದ್ಕದಾ?"

"ಮಂಡ್ಯಕ್ ಓಗಿ ಸೇರ್ತು ಅಂತ ಪೋನ್ ಬಂತು. ಈಗ್ಲೇ ಏನೂ ಏಳಕಾಗಲ್ವಂತೆ."

ಮೂರನೆಯ ಏಟಿಗೆ ದೀಪಿಕ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಅವ್ವನ ಬಲಗೈಯಲ್ಲಿ ಸೆರಗಿನ ಮೂಲೆ ಮುದುಡಿಕೊಂಡು ಉಂಡೆಯಾಗಿತ್ತು. ಎರಡು ಬೆರಳೂ ಹೆಬ್ಬೆರಳೂ ಅದನ್ನು ಮೆಲ್ಲಗೆ ಒತ್ತುತ್ತಿದ್ದವು, ಬಿಡುತ್ತಿದ್ದವು. ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ಒತ್ತು, ಬುಡು, ಬುಡು.