ಸ್ಫೂರ್ತಿಗೆಂದು ಇಟ್ಟ ಮೀನು

ಮೀನಿನ ಬಾಲ ನೋಡಿ ಜಾತಿ ಹೇಳುವ ವಿದ್ಯೆ ನನಗೆ ಬೇಕಾಗಿರಲಿಲ್ಲ. ನಮ್ಮದು ಮೀನು ತಿನ್ನುವ ಮನೆಯಲ್ಲ, ಮುಟ್ಟುವ ಮನೆಯೂ ಅಲ್ಲ. ಆದರೂ ನನ್ನ ಗಂಡ ಚನ್ನಬಸವ ಶಿರಸಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಯಂತ್ರದ ಎದುರಿಗೇ, ಮೂವತ್ತೊಂದು ಗಾಜಿನ ಬರಣಿಗಳನ್ನು ಸಾಲಾಗಿಟ್ಟು ಒಂದೊಂದರಲ್ಲಿ ಒಂದೊಂದು ಗಂಡು ಬೆಟ್ಟಾ ಮೀನು ಸಾಕಿದ್ದರು. ಎರಡನ್ನು ಕೂಡಿಸಿದರೆ ಕಚ್ಚಾಡಿ ಸಾಯುತ್ತವಂತೆ. ಒಂದನ್ನೊಂದು ನೋಡಲೂ ಬಾರದೆಂದು ಬರಣಿಗಳ ನಡುವೆ ರಟ್ಟಿನ ತುಂಡು ನಿಲ್ಲಿಸಿದ್ದರು. "ಲಿಂಗ ಪೂಜಿ ಮಾಡೋ ಕೈಯಾಗ ಮೀನಕ್ಕ ಹುಳ ಹಾಕ್ತಾನ" ಎಂದು ಅತ್ತೆ ಶಾರದವ್ವ ಹನ್ನೆರಡು ವರ್ಷ ಬೈದರು. ಇವರು ಹನ್ನೆರಡು ವರ್ಷ ನಕ್ಕರು.

ಹೊಟ್ಟೆಪಾಡು ಹೊಲಿಗೆಯದು. ಹಾಗಾಗಿ ಬಾಲಗಳನ್ನೂ ಮಗಳು ಸ್ಫೂರ್ತಿಗೆ ಬಟ್ಟೆಯ ಲೆಕ್ಕದಲ್ಲೇ ಕಲಿಸಿದ್ದರು. ಸೆರಗಿನಂತೆ ಕೆಳಗೆ ಜೋತುಬಿದ್ದರೆ ವೇಲ್‌ಟೇಲ್. ರವಿಕೆಯ ತೋಳಿನ ಹಾಗೆ ಗಿಡ್ಡವಿದ್ದರೆ ಪ್ಲಕಾಟ್. ಅಂಚು ಸೀರೆಯ ಕುಚ್ಚಿನಂತೆ ಎಳೆ ಎಳೆಯಾಗಿದ್ದರೆ ಕ್ರೌನ್‌ಟೇಲ್. ಇನ್ನು ಹಾಫ್‌ಮೂನ್ ಎಂದರೆ, ಮೀನು ಸಿಟ್ಟಿಗೆದ್ದು ಬಾಲ ಬಿಚ್ಚಿದಾಗ ಲಂಗದ ಘೇರಿನ ಹಾಗೆ ಹರಡಿ ಪೂರ್ತಿ ಅರ್ಧ ವೃತ್ತವಾಗಬೇಕು, ನೂರ ಎಂಬತ್ತು ಡಿಗ್ರಿ. ಕೂದಲೆಳೆಯಷ್ಟು ಕಡಿಮೆಯಾದರೂ ಅವರು ಒಪ್ಪುತ್ತಿರಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಬರಣಿಗಳ ಮೇಲೆ, ತಮಗಷ್ಟೇ ಓದಲು ಬರುವ ಗೀಚು ಅಕ್ಷರದಲ್ಲಿ, ಬಾಲದ ಹೆಸರು ಬರೆಯುತ್ತಿದ್ದರು. ಮನೆಯಲ್ಲಿ ಒಂದು ಪೆನ್ನಿಗೂ ಗತಿಯಿಲ್ಲವೇ ಎಂದು ನಾನು ಹಂಗಿಸುತ್ತಿದ್ದೆ.

ಸ್ಫೂರ್ತಿಗೆ ಹನ್ನೊಂದು ತುಂಬುವುದರಲ್ಲಿತ್ತು. "ನಿನಗಂತ ಒಂದು ಹಾಫ್‌ಮೂನ್ ಇಟ್ಟೀನಿ. ಹುಟ್ಟಿದ ದಿನ ತೋರಸ್ತೀನಿ. ಅಲ್ಲೀತನಕ ಯಾವುದಂತ ಕೇಳಬ್ಯಾಡ" ಎಂದು ಅವಳಿಗೆ ಹೇಳಿದ್ದರು. ಆ ದಿನಕ್ಕೆ ಇನ್ನೂ ಹದಿನಾರು ದಿನವಿದ್ದಾಗ, ಯಾರದೋ ರವಿಕೆ ಹೊಲಿಯುತ್ತಿದ್ದವರು ಯಂತ್ರದ ಮೇಲೆ ತಲೆಯಿಟ್ಟರು, ಮತ್ತೆ ಏಳಲಿಲ್ಲ. ನಲವತ್ತಮೂರು ವಯಸ್ಸು. ಗುಡ್ನಾಪುರದ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು.

ಮಣ್ಣು ಮಾಡಿ ಬಂದ ಮೇಲೆ ಮನೆ ತೊಳೆಯುವುದು ಪದ್ಧತಿ. ಬಂಧುಗಳ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಮೂವತ್ತೊಂದೂ ಬರಣಿಗಳನ್ನು ಅಂಗಳಕ್ಕೆ ಹೊತ್ತರು, ಒದ್ದೆ ಬಟ್ಟೆಯಿಂದ ಒಂದೊಂದನ್ನೂ ತಿಕ್ಕಿ ಒರೆಸಿದರು, ಪಡಸಾಲೆ ತೊಳೆದ ಮೇಲೆ ಕೈಗೆ ಬಂದ ಸಾಲಿನಲ್ಲಿ ತಿರುಗಿ ಇಟ್ಟರು. ಸೀಮೆಸುಣ್ಣದ ಅಕ್ಷರ ಒಂದೂ ಉಳಿಯಲಿಲ್ಲ. ರಟ್ಟಿನ ತುಂಡುಗಳು ನೆನೆದುಹೋದವೆಂದು ಕಸಕ್ಕೆ ಹಾಕಿದರು. ನಾನು ಗೋಡೆಗೊರಗಿ ನೋಡುತ್ತಿದ್ದೆ. ಬೇಡ ಎನ್ನಬೇಕೆಂದು ಹೊಳೆಯಲೇ ಇಲ್ಲ. ನನ್ನನ್ನೇ ಎತ್ತಿ ಅಂಗಳದಲ್ಲಿಟ್ಟಿದ್ದರೂ ಅಲ್ಲೇ ಕೂತಿರುತ್ತಿದ್ದೆ.

ನಾನು ಅಳಲಿಲ್ಲ. "ಕಲ್ಲಾಗ್ಯಾಳ, ಅಳಸ್ರಿ ಆಕೀನ" ಎಂದು ಹಿರಿಯರೊಬ್ಬರು ಹೇಳಿದರು, ಯಾರೋ ರಟ್ಟೆ ಚಿವುಟಿಯೂ ನೋಡಿದರು. ನನಗೆ ಚಿವುಟಿದ್ದು ಗೊತ್ತಾಯಿತು, ಅಷ್ಟೇ. ಅನ್ನ ಬೇಯಿಸಿದೆ, ನೀರು ತುಂಬಿದೆ, ಹೊತ್ತಿಗೆ ಸರಿಯಾಗಿ ಮೀನುಗಳಿಗೆ ಕಾಳು ಹಾಕಿದೆ. ನಾಲ್ಕನೆಯ ದಿನ ಬರಣಿಗಳ ನಡುವೆ ಹಳೇ ಪೇಪರು ಮಡಚಿಟ್ಟೆ. ಸ್ಫೂರ್ತಿಯ ಹುಟ್ಟುಹಬ್ಬ ಬಂದು ಹೋಯಿತು, ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಉದಯ ಫೋನು ಮಾಡಿದ. ಇವರ ಗೆಳೆಯ, ಮೂಲ ಬನವಾಸಿಯವನು, ಯಲ್ಲಾಪುರದಲ್ಲಿ ಸಾಕುವ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದಾನೆ. ಭಾನುವಾರ ಬಂದು ಎಲ್ಲ ಮೀನು ಒಯ್ಯುತ್ತೇನೆ ಎಂದ. ಹೂಂ ಎಂದೆ. ಅದನ್ನು ಕೇಳಿಸಿಕೊಂಡ ಸ್ಫೂರ್ತಿ "ನಂದೊಂದು ಬಿಟ್ಟು" ಎಂದಳು.

ಯಾವುದು ಅವಳದು? ಆ ಸಂಜೆಯಿಂದ ಅವಳು ಕಂಪಾಸು ಪೆಟ್ಟಿಗೆಯ ಕೋನಮಾಪಕ ಮತ್ತು ನನ್ನ ಕೈಗನ್ನಡಿ ಹಿಡಿದು ಕೂತಳು. ಕನ್ನಡಿ ತೋರಿಸಿದರೆ ಮೀನು ಇನ್ನೊಂದು ಗಂಡು ಬಂತೆಂದು ಬಾಲ ಬಿಚ್ಚುತ್ತದೆ, ಆಗ ಗಾಜಿನ ಮೇಲೆ ಕೋನಮಾಪಕ ಹಿಡಿದು ಓದಬೇಕು. ನೂರ ಐವತ್ತು. ನೂರ ಅರವತ್ತೈದು. ನೂರ ಮೂವತ್ತು. ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದಳು. ಕುಚ್ಚಿನ ಬಾಲದವು ಐದು ಇದ್ದವು. "ಅವು ಕ್ರೌನ್‌ಟೇಲ್, ಅಳೀಬ್ಯಾಡ" ಎಂದವಳು ನಾನೇ. ಹದಿನೈದು ವರ್ಷ ಸೀರೆಗೆ ಕುಚ್ಚು ಕಟ್ಟಿದ ಕೈ ನನ್ನದು, ನನಗೆ ಗೊತ್ತಿಲ್ಲದ ಕುಚ್ಚೇ?

ಮೂರನೆಯ ಸಂಜೆ ಪಟ್ಟಿ ಮುಗಿಯಿತು. ನೂರ ಎಂಬತ್ತು ಎಲ್ಲೂ ಇರಲಿಲ್ಲ. ನಾನು ಅಕ್ಕಿ ಆರಿಸುತ್ತಿದ್ದೆ.

"ಅವ್ವಾ, ಅಪ್ಪ ಖರೇನ ಇಟ್ಟಿದ್ರಾ?"

"ಇಟ್ಟಿರಲಿಕ್ಕಿಲ್ಲ" ಎಂದೆ. "ನಿನ್ನ ಸಮಾಧಾನಕ್ಕ ಸುಮ್ಮನ ಹೇಳಿರತಾರ. ಬಿಡು."

ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದೆ. ಅವಳು ಕೋನಮಾಪಕವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಮತ್ತೆ ಬರಣಿಗಳ ಹತ್ತಿರ ಸುಳಿಯಲಿಲ್ಲ. ಮಾರನೆಯ ದಿನ, ಅಪ್ಪನ ಫೋಟೋಕ್ಕೆ ಹೂವಿಡು ಎಂದರೆ "ನೀನ ಇಡು" ಎಂದಳು. ಅಪ್ಪ ಎನ್ನುವ ಮಾತೇ ಅವಳ ಬಾಯಿಂದ ಹೋಯಿತು. ನನ್ನ ಮಾತಿನಿಂದಲೇ ಹೀಗಾಯಿತೆಂದು ನನಗೆ ತಿಳಿಯಿತು. ತಿಳಿದರೂ ಅದು ಪಕ್ಕದ ಮನೆಯಲ್ಲಿ ನಡೆದ ಸಂಗತಿಯಂತಿತ್ತು, ಎದ್ದು ಹೋಗಿ ನೋಡುವಷ್ಟು ಮನಸ್ಸಾಗಲಿಲ್ಲ.

ಭಾನುವಾರ ಉದಯ ಥರ್ಮಕೋಲಿನ ಡಬ್ಬಿಗಳೊಂದಿಗೆ ಬಂದ. ಅತ್ತೆ ಕೊಟ್ಟ ಚಹಾ ಕುಡಿದು ಒಂದೊಂದೇ ಬರಣಿ ಎತ್ತಿ ನೋಡತೊಡಗಿದ. ಅರ್ಧದಷ್ಟು ಮುಗಿಸಿದವನು ಒಂದು ನೀಲಿ ಮೀನನ್ನು ಬೆಳಕಿಗೆ ಹಿಡಿದು ಹಾಗೇ ನಿಂತ.

"ವೈನೀ, ಇದು ಯಾವಾಗ ಹಿಂಗಾತ್ರಿ?"

"ಹೆಂಗ? ಕ್ರೌನ್‌ಟೇಲ್ ಅಲ್ಲೇನ್ರಿ ಅದು?"

"ಎಲ್ಲೀ ಕ್ರೌನ್‌ಟೇಲ್ ತಗೀರಿ. ಕ್ರೌನ್ ಅಂದ್ರ ಎಳಿ ಎಲ್ಲ ಸಮಾ ಇರ್ತಾವ. ಇದನ್ನ ನೋಡ್ರಿ, ಇಲ್ಲಿ ಉದ್ದ ಐತಿ, ಇಲ್ಲಿ ಬುಡದ ಮಟ ಹರದೈತಿ. ಇದು ತನ್ನ ಬಾಲ ತಾನ ಕಡಕೊಂಡೈತಿ. ಜಾಗಾ ಬದಲಾದ್ರ, ಬಾಜೂಕ ಇನ್ನೊಂದು ಗಂಡು ಹಗಲೆಲ್ಲ ಕಂಡ್ರ ಹಿಂಗ ಮಾಡ್ತಾವ."

ಬಗ್ಗಿ ನೋಡಿದೆ. ದಿನಕ್ಕೆ ಎರಡು ಸಲ ಕಾಳು ಹಾಕಿದ ಬರಣಿ ಅದು. ಅಂಚು ಚಿಂದಿಯಾಗಿತ್ತು. ಕುಚ್ಚು ಕಟ್ಟಿದ ಸೆರಗಿಗೂ ಇಲಿ ಕಡಿದ ಸೆರಗಿಗೂ ವ್ಯತ್ಯಾಸ ತಿಳಿಯದ ಹೆಂಗಸೇ ನಾನು? ಇಷ್ಟು ದಿನ ಏನು ನೋಡಿದೆ?

ಉದಯ ಕನ್ನಡಿ ಕೇಳಿದ. ತೋರಿಸಿದ ಕೂಡಲೇ ಮೀನು ಕಿವಿರು ಅರಳಿಸಿ, ಹರಿದ ಬಾಲವನ್ನೇ ಪೂರ್ತಿ ಬಿಚ್ಚಿ ಸೆಟೆದು ನಿಂತಿತು. "ನಡುವ ಹರದ್ರೂ ಮ್ಯಾಲಿನ ಕಡ್ಡಿ, ಕೆಳಗಿನ ಕಡ್ಡಿ ಉಳದಾವ. ಎರಡೂ ಒಂದ ಗೆರಿಯೊಳಗ ಅದಾವ ನೋಡ್ರಿ" ಎಂದ. ಒಳಬಾಗಿಲಲ್ಲಿ ನಿಂತಿದ್ದ ಸ್ಫೂರ್ತಿ ಯಾವಾಗ ಕೋನಮಾಪಕ ತಂದಳೋ, ಗಾಜಿಗೆ ಹಿಡಿದಿದ್ದಳು. ನೂರ ಎಂಬತ್ತು, ನಮಗೆಲ್ಲ ಕಾಣುತ್ತಿತ್ತು.

"ಇದನ್ನ ನಾ ಕೇಳಿದ್ದೆ, ಚನ್ನಬಸಣ್ಣ ಒಲ್ಲೆ ಅಂದಿದ್ದ" ಎಂದ ಉದಯ. "ಮಗಳದೈತಿ, ಕೈ ಹಚ್ಚಬ್ಯಾಡ ಅಂದಿದ್ದ. ನೀವು ಫೋನಿನ್ಯಾಗ ಕೇಳಿದ್ರ ಅವತ್ತ ಹೇಳ್ತಿದ್ದೆ."

ಒಂದು ಮಾತು ಕೇಳಿದ್ದರೆ ಸಾಕಿತ್ತು. ನನಗೆ ಕೇಳಬೇಕೆಂದೇ ಅನ್ನಿಸಿರಲಿಲ್ಲ. ಇಪ್ಪತ್ತಾರು ದಿನಗಳಲ್ಲಿ ನನ್ನೊಳಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ಕಿವಿಯ ತನಕ ಬಿಸಿಯಾಯಿತು. ಸತ್ತವರ ಮೇಲೆ ಸುಳ್ಳು ಹೊರಿಸಿದ್ದೆ, ಅದೂ ಅವರ ಮಗಳ ಮುಂದೆ.

"ಸ್ಫೂರ್ತಿ, ಅಪ್ಪ ಇಟ್ಟಿದ್ರು. ಅವರು ಸುಳ್ಳು ಹೇಳಿರಲಿಲ್ಲ. ಹೇಳಿದಾಕಿ ನಾನು."

ಅವಳು ಬರಣಿಯಿಂದ ಕಣ್ಣು ತೆಗೆಯಲಿಲ್ಲ. "ಯಾಕ?" ಎಂದಳು.

"ನನಗೂ ಗೊತ್ತಿಲ್ಲವ್ವಾ."

ಅವಳು ಬರಣಿಯನ್ನು ಎದೆಗವಚಿಕೊಂಡು ನೆಲಕ್ಕೆ ಕುಸಿದು, ಅಪ್ಪಾ ಎಂದು ಬೀದಿಗೆ ಕೇಳುವ ಹಾಗೆ ಅತ್ತಳು. ನಾನು ಹತ್ತಿರ ಕೂತು ಬೆನ್ನ ಮೇಲೆ ಕೈಯಿಟ್ಟೆ. ಅವಳು ಕೈಯನ್ನು ತಳ್ಳಿದಳು. ನಾನು ಮತ್ತೆ ಇಟ್ಟೆ.