ಎಡಗೈಗೆ ಒಂದು ಮಂಡಲ

ಸೀಮೆಸುಣ್ಣ ಕಿರ್ರೆನ್ನುತ್ತಿದೆ, ಬಲಗೈ, ಹೌದು ಬಲಗೈಯೇ, ಏಳು ವರ್ಷದ ಮೈಲಾರಿ ಕರಿಹಲಗೆಯ ಮೇಲೆ ಬರೆಯುತ್ತಿದ್ದಾಳೆ, ಒಂದು ಗೆರೆಯೂ ನಡುಗುತ್ತಿಲ್ಲ, ಇನ್ಸ್‌ಪೆಕ್ಟರು ಟೋಪಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಾರೆ, ರಾಯದುರ್ಗ ತಾಲ್ಲೂಕಿನಲ್ಲೇ ಇಂಥ ಮೇಷ್ಟ್ರಿಲ್ಲ ಎಂದು ಬರೆದರೆ ಬರೆಯಲಿ — ಆದರೆ ಇವಳ ಬಾಯಿ ಬಿಡಿಸದಿರಲಿ, ದೇವರೇ, ಹೆಸರು ಕೇಳದಿರಲಿ. ಇವಳಮ್ಮ ದುರುಗಕ್ಕ ಕುರಿ ಬಿಟ್ಟು ಬಂದು ಬಾಗಿಲಲ್ಲಿ ನಿಂತ ದಿನ, ಎಡಗೈಲೇ ಉಣ್ತಾಳ್ರಿ, ಎಡಗೈಲೇ ಬರಿತಾಳ್ರಿ, ನಾಳೆ ಯಾರ ಮನಿಗೆ ಕೊಡ್ಲಿ, ನೀವು ಮದರಾಸಿನಾಗ ಓದಿದೋರು, ಹೊಡಿಬ್ಯಾಡ್ರಿ ಮತ್ತ, ಮಾತಿನ ಮಲ್ಲಿ ಐತ್ರಿ ಅದು, ಎಂದಿದ್ದಳು. ಹೊಡೆಯಲಿಲ್ಲ ನಾನು. ಬೆತ್ತ ಹಿಡಿಯುವವರಿಗೆ ಮೆದುಳೆಂದರೇನು ಗೊತ್ತು, ನನಗೆ ಗೊತ್ತು, ಟ್ರೈನಿಂಗ್ ಸ್ಕೂಲಿನಲ್ಲಿ ಗುರುಗಳು ಹೇಳಿದ್ದರು, ಎಳೆಯ ಮೆದುಳು ಹಸಿಮಣ್ಣು, ದಿನಾ ತಪ್ಪದೆ ಮಾಡಿಸಿದ್ದು ಅದರಲ್ಲಿ ಕಾಲುದಾರಿಯಾಗುತ್ತದೆ, ಎಷ್ಟು ದಿನ ಎಂದು ಅವರು ಹೇಳಲಿಲ್ಲ, ನಾನೇ ಗೊತ್ತುಮಾಡಿದೆ, ನೇಮಕಲ್ಲು ಆಂಜನೇಯನಿಗೆ ನಡೆದುಕೊಳ್ಳುವ ಹಾಗೆ ಒಂದು ಮಂಡಲ, ನಲವತ್ತೆಂಟು ದಿನ, ನಡುವೆ ಬಿಟ್ಟರೆ ವ್ರತಭಂಗ — ಮೆದುಳಿಗೆ ಯಾವ ವ್ರತವಯ್ಯ, ದಡ್ಡ. ಹಳೆಯ ಪಂಚೆಯ ಅಂಚು ಹರಿದು ಅವಳ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದೆ, ಮೆತ್ತಗೇ ಕಟ್ಟಿದೆ. ಹತ್ತನೆಯ ದಿನ ಮೇ ಮೇ ಮೇಷ್ಟ್ರ ಎಂದಳು, ಮಕ್ಕಳು ನಕ್ಕರು, ನಾನೂ ನಕ್ಕೆ. ಇಪ್ಪತ್ತನೆಯ ದಿನ ನೀರು ಕೇಳಲು ಬಂದವಳು, ತುಟಿ ಸೇರಿತು, ಬಿಚ್ಚಿತು, ಮಾತು ಬರಲಿಲ್ಲ, ನೀರು ಕುಡಿಯದೆ ಹೋಗಿ ಕುಳಿತಳು. ಆಗ ಹೆದರಿದೆ, ಟ್ರೈನಿಂಗಿನ ನೋಟುಬುಕ್ಕು ತೆಗೆದೆ, ಅದೇ ಪಾಠದ ಮುಂದಿನ ಹಾಳೆ, ನನ್ನದೇ ಅಕ್ಷರ, ಕೈಯ ಜಾಗ ಮಾತಿನ ಜಾಗ ಮೆದುಳಿನಲ್ಲಿ ಅಕ್ಕಪಕ್ಕ, ಕೈ ತಿದ್ದುವಾಗ ಮಗು ತೊದಲಿದರೆ ಕೂಡಲೇ ಬಿಟ್ಟುಬಿಡಿ. ಓದಿದೆ. ಇನ್ನು ಇಪ್ಪತ್ತೆಂಟೇ ದಿನ ಅಂದುಕೊಂಡೆ, ಮಂಡಲ ಮುಗಿದರೆ ಎಲ್ಲ ಸರಿಹೋಗುತ್ತದೆ, ಮರುದಿನವೂ ಕಟ್ಟಿದೆ, ಅದರ ಮರುದಿನವೂ. ನಿನ್ನೆಗೆ ಮುಗಿಯಿತು.

ಭೇಷ್, ಮುತ್ತು ಪೋಣಿಸಿದ ಹಾಗೆ ಬರೆದಿದ್ದಾಳೆ, ಇನ್ಸ್‌ಪೆಕ್ಟರು ಎದ್ದರು, ಹತ್ತಿರ ಬಂದರು, ಬೇಡ, ಬೇಡ — ನಿನ್ನ ಹೆಸರೇನಮ್ಮ? ತುಟಿ ಸೇರಿತು, ಬಿಚ್ಚಿತು, ಕತ್ತಿನ ನರ ಎದ್ದು ನಿಂತಿತು, ಕಿಟಕಿಯಾಚೆ ದುರುಗಕ್ಕ ಸೆರಗು ಕಚ್ಚಿಕೊಂಡಿದ್ದಾಳೆ. ನಾಚಿಕೆಯೇನ್ರೀ ಮೇಷ್ಟ್ರೇ ಈ ಹುಡುಗಿಗೆ? ಹೇಳಬೇಕು, ಈಗಲೇ ಹೇಳಬೇಕು, ನಾಲಿಗೆಗೆ ಬಂತು — ಹೌದ್ರಿ, ಎಂದೆ, ಮೊದಲಿಂದ್ಲೂ ಹಿಂಗ ರೀ ಅದು. ಮೈಲಾರಿ ತಿರುಗಿ ನನ್ನನ್ನೇ ನೋಡುತ್ತಿದ್ದಾಳೆ, ತುಟಿ ಸೇರುತ್ತದೆ, ಬಿಚ್ಚುತ್ತದೆ, ಸೇರುತ್ತದೆ —