ತೂಗುಗುಂಡಿಗೆ ಸಿಗದ ಓರೆ

ಗೊತ್ತಿಲ್ಲದೆ ಮಾಡಿದೆನೋ, ಗೊತ್ತಿದ್ದೂ ಮಾಡಿದೆನೋ? ಗೋಡೆಯಲ್ಲೇ ಏನಾದರೂ ಐಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ಮೇಸ್ತ್ರಿ ದಾರ ಇಳಿಬಿಟ್ಟ. ತುದಿಯ ಹಿತ್ತಾಳೆ ಗುಂಡು ಅತ್ತಿತ್ತ ಆಡಿ ನಿಂತಿತು. ಮೇಲಿನಿಂದ ಬುಡದವರೆಗೂ ಗೋಡೆಗೂ ದಾರಕ್ಕೂ ಒಂದೇ ಅಂತರ. ಗೋಡೆ ನೆಟ್ಟಗಿತ್ತು. ಅವನು ಕಟ್ಟಿದ ಯಾವ ಗೋಡೆಯೂ ಇದುವರೆಗೆ ಓರೆಯಾದದ್ದಿಲ್ಲ.

ಆದರೂ ನಡುಮಧ್ಯಾಹ್ನದ ನೆರಳು ಅಕ್ಕನ ಅಂಗಳವನ್ನು ಪೂರಾ ನುಂಗಿ ಕೂತಿತ್ತು.

ಅವನ ಮನೆಯ ಬೆನ್ನಿಗೇ ಅವಳ ಅಂಗಳ. ಅಕ್ಕ ನೂಲಿಗೆ ಬಣ್ಣ ಹಾಕುವವಳು; ಹಂಡೆಯಿಂದ ತೆಗೆದ ಲಡಿಗಳನ್ನು ಅಲ್ಲಿ ಬಿದಿರಿನ ಗಳುಗಳಿಗೆ ಹಾಕಿ ಒಣಗಿಸುತ್ತಾಳೆ. ಬೇಸಿಗೆಯಲ್ಲಿ ತಮ್ಮ ತನ್ನ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಲು ಹೊರಟಾಗ ಅವಳು ಕೇಳಿದ್ದು ಇಷ್ಟೇ: "ನನ್ನ ಬಿಸಿಲು?" ಅವನು ಒಂದು ಮಧ್ಯಾಹ್ನ ಅವಳನ್ನು ಕರೆದು, ಕಟ್ಟಬೇಕಾದಷ್ಟೇ ಎತ್ತರಕ್ಕೆ ಗಳು ನಿಲ್ಲಿಸಿ ತೋರಿಸಿದ್ದ. ನೆರಳು ಬುಡ ಬಿಟ್ಟು ಕದಲಿರಲಿಲ್ಲ. "ನೋಡ್ಕೋ, ನಿನ್ನ ಬಿಸಿಲು ನಾನು ಮುಟ್ಟಲ್ಲ" ಎಂದಿದ್ದ. ತಮ್ಮನ ಮಾತು ಕಲ್ಲಿನ ಮೇಲೆ ಕೊರೆದಂತೆ ಎಂದು ಅವಳು ಒಪ್ಪಿದ್ದಳು.

ಈಗ ಚಳಿಗಾಲ. ಸಂಜೆಯಾದರೂ ಲಡಿಗಳು ತೊಟ್ಟಿಕ್ಕುತ್ತಿದ್ದವು. ನೀಲಿ ಕೆಳಕ್ಕೆ ಇಳಿದು ಕಲೆಗಟ್ಟುತ್ತಿತ್ತು. ಅಂಗಡಿಯವರು ಮೂಟೆಗಳನ್ನು ಹಿಂದಕ್ಕೆ ಕಳಿಸತೊಡಗಿದ್ದರು. ಅಕ್ಕ ಜಗಳವಾಡಲಿಲ್ಲ, ಮಾತು ಬಿಟ್ಟಳು. ಅವಳ ಬೈಗುಳ ಉಂಡೇ ಬೆಳೆದವನಿಗೆ ಆ ಮೌನ ಜೀರ್ಣವಾಗಲಿಲ್ಲ.

"ಗೋಡೆನ ಯಾಕೋ ತಪಾಸಣೆ ಮಾಡ್ತೀಯ? ಅದರದೇನೂ ತಪ್ಪಿಲ್ಲ." ಅಕ್ಕನ ಗಂಡ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಶಾಲೆಯಲ್ಲಿ ಭೂಗೋಳ ಹೇಳಿ ನಿವೃತ್ತರಾದವರು; ತಲೆ ಬೋಳಾದಷ್ಟೂ ನಾಲಿಗೆ ಚುರುಕಾಗಿತ್ತು.

"ನೆಟ್ಟಗಿದೆ ಭಾವ."

"ಗೋಡೆ ನೆಟ್ಟಗಿದೆ. ಭೂಮಿ ಓರೆ."

"ಅವಳು ಮಾತು ಬಿಟ್ಟಿದಾಳೆ, ನೀವು ಆಡಿಕೊಳ್ಳೋಕೆ ಬಂದ್ರಾ?"

"ಆಡಿಕೊಳ್ಳೋದಲ್ವೋ. ಬಾ, ಅಂಗಳದ ಮಧ್ಯ ನಿಂತ್ಕೋ. ನೀನೇ ಸೂರ್ಯ. ಜನ್ಮದಲ್ಲಿ ಒಂದ್ಸಲ ಹೊಳಿ."

ಭಾವ ತಲೆಯನ್ನು ಮೂಲೆಯ ನಲ್ಲಿಯತ್ತ ವಾಲಿಸಿದರು. "ಇದು ಭೂಮಿ. ಬುಗುರಿ ಥರ ತನ್ನಷ್ಟಕ್ಕೆ ತಿರುಗ್ತಾನೇ ಇರುತ್ತೆ. ನಿನಗೆ ಮುಖ ಮಾಡಿದಾಗ ಹಗಲು, ಬೆನ್ನು ಹಾಕಿದಾಗ ರಾತ್ರಿ. ಅದನ್ನ ಮಾಡಿ ತೋರಿಸಿದ್ರೆ ನಿನ್ನಕ್ಕ ನನ್ನ ಎತ್ತಿ ಮಲಗಿಸಬೇಕಾಗುತ್ತೆ, ನೀನೇ ಊಹಿಸ್ಕೋ. ನನ್ನ ತಲೆ ಮಾತ್ರ ನೋಡ್ತಿರು. ಎಲ್ಲಿಗೆ ಹೋದ್ರೂ ನಲ್ಲಿ ಕಡೆಗೇ ವಾಲಿರುತ್ತೆ."

ಅವರು ನಲ್ಲಿಯ ಎದುರು ಮೂಲೆಯಿಂದ ಹೊರಟರು. ಅಲ್ಲಿ ತಲೆ ಮೇಸ್ತ್ರಿಯತ್ತಲೇ ಬಾಗಿತ್ತು; ಬೋಳುನೆತ್ತಿ ಪೂರಾ ಕಾಣುತ್ತಿತ್ತು. "ನಾವಿರೋದು ಈ ನೆತ್ತಿ ಕಡೆ. ನಿನ್ನ ಬಿಸಿಲು ನೆಟ್ಟಗೆ ಬೀಳ್ತಿದೆ. ಬೇಸಿಗೆ. ನೀನು ಗಳು ನಿಲ್ಲಿಸಿದ ದಿನ." ಒದ್ದೆ ಲಡಿಗಳ ಕೆಳಗೆ ನುಸುಳುತ್ತ, ವಾಲಿದ ತಲೆಯನ್ನು ಅದೇ ದಿಕ್ಕಿಗೆ ಹಿಡಿದುಕೊಂಡು, ಅರ್ಧ ಸುತ್ತು ಬಂದು ನಲ್ಲಿಯ ಪಕ್ಕ ನಿಂತರು. ತಲೆ ಈಗ ಹಿಂದಕ್ಕೆ ವಾಲಿತ್ತು. ನೆತ್ತಿ ಮರೆಯಾಗಿ ಗದ್ದ ಎದುರಿಗೆ ಬಂದಿತ್ತು. "ಈಗ ಬಿಸಿಲು ನೆತ್ತಿನ ಓರೆಯಾಗಿ ಸವರ್ಕೊಂಡು ಹೋಗುತ್ತೆ. ಚಳಿಗಾಲ. ನೆರಳು ಉದ್ದ. ಇವತ್ತು."

"ಸೂರ್ಯನಿಂದ ದೂರ ಹೋದದ್ದಕ್ಕಲ್ವಾ ಚಳಿ?"

"ದೂರ ಹತ್ತಿರದ ಮಾತೇ ಅಲ್ಲ. ವಾಲಿರೋದಷ್ಟೇ. ನೆಟ್ಟಗಿದ್ದಿದ್ರೆ ಋತುಗಳೇ ಇರ್ತಿರ್ಲಿಲ್ಲ. ವರ್ಷವಿಡೀ ಮಧ್ಯಾಹ್ನಕ್ಕೆ ಒಂದೇ ನೆರಳು."

ಓರೆಯೆಂದರೆ ಕೆಡವಿ ಕಟ್ಟಬೇಕಾದ್ದು ಎಂದು ಮೇಸ್ತ್ರಿ ನಂಬಿ ಬದುಕಿದ್ದ. ಇಲ್ಲಿ ನೋಡಿದರೆ ಇಷ್ಟು ದೊಡ್ಡ ಭಾರ, ಅಡಿಪಾಯವಿಲ್ಲದೆ, ಆಸರೆಯಿಲ್ಲದೆ, ಒಂದೇ ಕಡೆಗೆ ವಾಲಿಕೊಂಡು ಸುತ್ತುತ್ತಿದೆ. ಆ ವಾಲುವಿಕೆಯಿಂದಲೇ ಚಿಗುರು, ಆ ವಾಲುವಿಕೆಯಿಂದಲೇ ಎಲೆ ಉದುರುವುದು. ಕೈಯಲ್ಲಿದ್ದ ಗುಂಡನ್ನು ನೋಡಿದ. ಅದು ಭೂಮಿಯ ನಡುವನ್ನು ತೋರಿಸೀತು. ಭೂಮಿಯ ಓರೆಯನ್ನು ಹೇಗೆ ತೋರಿಸೀತು? ಅದೂ ಜೊತೆಗೇ ವಾಲಿದೆ. ತಾನೂ ವಾಲಿದ್ದೇನೆ, ಅಕ್ಕನ ಹಂಡೆಯೂ. ಕಾಲ ಕೆಳಗಿನ ಕಲ್ಲುಹಾಸು ತಣ್ಣಗೆ, ಗಟ್ಟಿಯಾಗಿ, ಏನೂ ಗೊತ್ತಿಲ್ಲದಂತೆ ಬಿದ್ದಿತ್ತು. ಅದು ಓಡುತ್ತಿದೆ ಎಂದು ನೆನೆದು ಅವನು ಕಾಲ್ಬೆರಳುಗಳನ್ನು ಕಲ್ಲಿಗೆ ಒತ್ತಿದ.

ಆ ಓಟದ ಲೆಕ್ಕ ತಪ್ಪುವುದಿಲ್ಲ ಎಂದಮೇಲೆ, ಈ ಓರೆ ಬಿಸಿಲು ಪ್ರತಿ ವರ್ಷವೂ ಬಂದಿರಬೇಕು. ಬಂದಿತ್ತು. ಸಾರುವೆಯ ಮೇಲೆ ನಿಂತು ಗೋಡೆ ಕಟ್ಟಿದ ಪ್ರತಿ ಚಳಿಗಾಲದಲ್ಲೂ ಅದು ಮಧ್ಯಾಹ್ನವೇ ಕಣ್ಣಿಗೆ ಚುಚ್ಚಿತ್ತು. ದಾರ ಇಳಿಬಿಡುವಾಗ ಹಾಕಿಕೊಂಡ ಪ್ರಶ್ನೆ ಅಲ್ಲಿಗೆ ಮುಗಿಯಿತು.

"ಅಂದ್ರೆ ಇವನು ಬೇಕಂತ ಮಾಡಿದ್ದಲ್ಲ?" ಒಳಗಿನಿಂದ ನೋಡುತ್ತಿದ್ದ ಅಕ್ಕ ಗಂಡನನ್ನು ಕೇಳಿದಳು.

"ಭೂಮಿ ಮಾಡಿದ್ದು."

"ಹಾಕ್ಬಿಡಿ ಅದರ ತಲೆ ಮೇಲೆ. ಗಂಡಸರಿಗೆ ಸುಲಭ."

"ಮೆಟ್ಟಿಲು ಕಟ್ತೀನಿ ಅಕ್ಕ," ಎಂದ ಮೇಸ್ತ್ರಿ. "ಇಲ್ಲಿಂದ ನನ್ನ ಮಾಳಿಗೆಗೆ. ಮೇಲೆ ವರ್ಷವಿಡೀ ಬಿಸಿಲಿರುತ್ತೆ."

ಅವಳು ಮೊದಲ ಬಾರಿಗೆ ಅವನತ್ತ ತಿರುಗಿದಳು. "ನನ್ನ ಮೊಣಕಾಲು ನಿನ್ನಪ್ಪ ಹತ್ತಿಸ್ತಾನಾ?"

"ನಮ್ಮಿಬ್ಬರಪ್ಪಾನೂ ಒಬ್ನೇ. ಮೆಟ್ಟಿಲು ತಗ್ಗು ಮಾಡ್ತೀನಿ. ಒದ್ದೆ ಲಡಿ ನಾನೇ ಹೊರ್ತೀನಿ."

ಚಳಿ ಮುಗಿಯುವ ಮೊದಲೇ ಮೆಟ್ಟಿಲು ಮುಗಿಯಿತು. ಅಕ್ಕ ಮೇಲೆ ಬಂದು, ನೀಲಿ ಲಡಿಗಳನ್ನು ಸಾಲಾಗಿ ಹರವಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ನೂಲಿನಿಂದ ತೆಳ್ಳಗೆ ಆವಿ ಏಳುತ್ತಿತ್ತು. ಅವಳು ಬಣ್ಣದ ಕೈಯನ್ನು ಅವನ ಅಂಗಿಗೇ ಒರೆಸಿ, "ನಿನಗೇನು ಗೊತ್ತಿತ್ತು, ಪಾಪ" ಎಂದಳು.

ಗೊತ್ತಿತ್ತು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.